ಚೌಕದ ರಾಕೆಟ್ ಪಲ್ಟಿ ಹೊಡೆದಿದ್ದು ಬಣ್ಣದಿಂದಲಾ?

ಪ್ರಶ್ನೆ: ಸರ್, ನಮಸ್ಕಾರ. ನಮ್ಮದು ತುಮಕೂರು ಜಿಲ್ಲೆ, ತಿಪಟೂರಿನ ಹತ್ತಿರ ಒಂದು ಹಳ್ಳಿ. ಚಿಕ್ಕವನಿದ್ದಾಗ ಟಿವಿ ಕಾರ್ಟೂನಿನಲ್ಲಿ ನೋಡಿದ ಒಂದು ರಾಕೆಟ್ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ದಪ್ಪ ಹೊಟ್ಟೆ, ಚೂಪು ಮೂತಿ, ಕೆಳಗೆ ಮೂರು ಕಾಲು, ಮೈತುಂಬಾ ಕೆಂಪು-ಬಿಳಿ ಚೌಕ. ಆರನೇ ಕ್ಲಾಸಿನ ಮಗಳ ಜೊತೆ ಕೂತು ಅದನ್ನೇ ರಟ್ಟಿನಲ್ಲಿ ಮಾಡಿದೆ. ಅರ್ಧ ಮೀಟರ್ ಉದ್ದ. ಮೂತಿಗೆ ಥರ್ಮಾಕೋಲ್, ಕಾಲಿಗೆ ಪ್ಲೈವುಡ್. ಬಿಳಿ ಎನಾಮೆಲ್ ಮೂರು ಕೋಟ್ ಬಳಿದು ಮೇಲೆ ಸ್ಪ್ರೇ ಡಬ್ಬಿಯ ಕೆಂಪು ಹೊಡೆದೆ. ಅಲ್ಲಲ್ಲಿ ಬಣ್ಣ ಸುಕ್ಕುಗಟ್ಟಿತು, ಮೂತಿಯಲ್ಲಿ ಗುಳಿ ಬಿತ್ತು. ಆದರೂ ಒಳಗೆ ದೀಪಾವಳಿಯ ಎರಡು ರಾಕೆಟ್ ಕಟ್ಟಿ ಹಾರಿಸಿದೆ. ಆಳೆತ್ತರ ಹೋಗಿ ಪಲ್ಟಿ ಹೊಡೆದು ಅಡ್ಡಡ್ಡ ನುಗ್ಗಿ ಪಕ್ಕದವರ ಹುಲ್ಲಿನ ಬಣವೆ ಹತ್ತಿರ ಬಿತ್ತು. ಸದ್ಯ, ಬೆಂಕಿ ಹತ್ತಲಿಲ್ಲ. ಪಕ್ಕದ ಮನೆ ಅಣ್ಣ 'ಬಣ್ಣದ ಭಾರಕ್ಕೇ ಹಿಂಗಾಗಿದ್ದು' ಅಂತಾರೆ. ನನ್ನ ಭಾವಮೈದ 'ಪವರ್ ಸಾಲಲಿಲ್ಲ, ಪಿವಿಸಿ ಪೈಪಿಗೆ ಪಟಾಕಿ ಮದ್ದು ತುಂಬು' ಅಂತಾನೆ. ಯಾರ ಮಾತು ನಿಜ? ಹೊರದೇಶದಲ್ಲಿ ಸಿಗುವ ರೆಡಿ ರಾಕೆಟ್ ಮೋಟರ್, ಅಂದರೆ ಮದ್ದು ತುಂಬಿದ ಕೊಳವೆ, ತರಿಸಬಹುದಾ? ಮಗಳಿಗೆ ರಜೆ ಮುಗಿಯುವುದರೊಳಗೆ ಮತ್ತೆ ಹಾರಿಸಬೇಕಂತೆ.

ಉತ್ತರ: ಭಾವಮೈದನ ಸಲಹೆಯನ್ನು ಮೊದಲು ಬದಿಗಿಡಿ. ಯಾಕೆ ಅಂತ ಆಮೇಲೆ ಹೇಳುತ್ತೇನೆ. ಪಕ್ಕದ ಮನೆಯವರ ಮಾತಿನಲ್ಲಿ ಹುರುಳಿದೆ, ಆದರೆ ಪೂರ್ತಿ ಅಲ್ಲ. ಬಣ್ಣ ಭಾರವಾದರೆ ರಾಕೆಟ್ ಕಡಿಮೆ ಎತ್ತರ ಹೋಗುತ್ತದೆ, ಅಷ್ಟೇ. ಪಲ್ಟಿ ಹೊಡೆಯುವುದು ಭಾರ ಎಷ್ಟಿದೆ ಅನ್ನುವುದರಿಂದಲ್ಲ, ಭಾರ ಎಲ್ಲಿದೆ ಅನ್ನುವುದರಿಂದ.

ಹುಡುಗರಿಗೆ ಮಾಡೆಲ್ ರಾಕೆಟ್ ಕಲಿಸುವಾಗ ನಾನು ಮೊದಲು ಕೇಳುವ ಪ್ರಶ್ನೆ ಒಂದೇ: ಇದನ್ನು ಬೆರಳ ಮೇಲೆ ಅಡ್ಡ ಇಟ್ಟರೆ ಎಲ್ಲಿ ತೂಗಿ ನಿಲ್ಲುತ್ತೆ? ಅದು ತೂಕದ ನಡುಬಿಂದು. ಹಾರುವಾಗ ರಾಕೆಟ್ ತಿರುಗುವುದಾದರೆ ಆ ಬಿಂದುವಿನ ಸುತ್ತಲೇ ತಿರುಗುತ್ತದೆ. ಇನ್ನೊಂದು ಬಿಂದು ಕಣ್ಣಿಗೆ ಕಾಣದು. ಪಕ್ಕದಿಂದ ಬಡಿಯುವ ಗಾಳಿಯ ಒತ್ತಡವೆಲ್ಲ ಒಟ್ಟು ಎಲ್ಲಿ ಬಿದ್ದ ಹಾಗೆ ಲೆಕ್ಕವೋ ಅದು. ಗಾಳಿಯ ನಡುಬಿಂದು ಅನ್ನೋಣ. ತೂಕದ ಬಿಂದು ಮುಂದೆ, ಗಾಳಿಯ ಬಿಂದು ಹಿಂದೆ ಇದ್ದರೆ, ರಾಕೆಟ್ ಸ್ವಲ್ಪ ಓಲಿದರೂ ಗಾಳಿ ಬಾಲವನ್ನು ತಳ್ಳಿ ನೇರ ಮಾಡುತ್ತದೆ. ತಿರುವುಮುರುವಾದರೆ ಅದೇ ಗಾಳಿ ಓಲಾಟವನ್ನು ಜಾಸ್ತಿ ಮಾಡುತ್ತದೆ. ನಿಮ್ಮ ರಾಕೆಟ್ಟಿಗೆ ಆಗಿದ್ದು ಅದೇ.

ಎರಡು ಬಿಂದುಗಳ ನಡುವೆ ಕನಿಷ್ಠ ರಾಕೆಟ್ಟಿನ ದಪ್ಪದಷ್ಟು ಅಂತರ ಇರಲಿ ಅನ್ನುವುದು ಹವ್ಯಾಸಿಗಳ ಹಳೆಯ ರೂಢಿ. ಸಪೂರ ರಾಕೆಟ್ಟಿಗೆ ಇದು ಸುಲಭ. ಕಾರ್ಟೂನ್ ರಾಕೆಟ್ಟಿಗೆ ಕಷ್ಟ. ಅದನ್ನು ಬಿಡಿಸಿದವರು ನೋಡುವ ಕಣ್ಣಿಗೆ ಬಿಡಿಸಿದರು, ಗಾಳಿಗೆ ಅಲ್ಲ. ಹೊಟ್ಟೆ ದಪ್ಪ, ಉದ್ದ ಕಡಿಮೆ. ಆ ಮೂರು ಕಾಲುಗಳಂತೂ ರೆಕ್ಕೆಯ ಹಾಗೆ ಕಾಣುತ್ತವೆಯೇ ಹೊರತು ರೆಕ್ಕೆಯ ಕೆಲಸ ಮಾಡುವಷ್ಟು ಅಗಲ ಇರುವುದಿಲ್ಲ. ನೀವು ಅವಕ್ಕೆ ಪ್ಲೈವುಡ್ ಹಾಕಿದಿರಿ. ಗಾಳಿ ಹಿಡಿಯುವ ಅಗಲ ಬರಲಿಲ್ಲ, ಬಾಲಕ್ಕೆ ಭಾರ ಮಾತ್ರ ಬಂತು. ಮೂತಿಗೆ ಥರ್ಮಾಕೋಲ್ ಹಾಕಿದಿರಿ. ಭಾರ ಬೇಕಾದ ಕಡೆಯೇ ಹಗುರವಾಯಿತು.

ದೀಪಾವಳಿ ರಾಕೆಟ್ಟಿಗೆ ಉದ್ದದ ಕಡ್ಡಿ ಯಾಕಿದೆ ಹೇಳಿ? ಗಾಳಿಪಟಕ್ಕೆ ಬಾಲಂಗೋಚಿ ಇದ್ದ ಹಾಗೆ, ಅದು ಹಿಂದೆ ಗಾಳಿ ಹಿಡಿದು ದಿಕ್ಕು ಕಾಯುತ್ತದೆ. ರಟ್ಟಿನೊಳಗೆ ಕೂರಿಸಲು ಕಡ್ಡಿ ಮುರಿದಿರಿ ಅಂದುಕೊಳ್ಳುತ್ತೇನೆ. ಮೇಲಾಗಿ ಎರಡು ರಾಕೆಟ್ ಒಂದೇ ಗಳಿಗೆಯಲ್ಲಿ ಹೊತ್ತಿಕೊಳ್ಳುವುದಿಲ್ಲ. ಬತ್ತಿ ಅರ್ಧ ಸೆಕೆಂಡ್ ಹಿಂದೆಮುಂದೆ ಆದರೂ ಒಂದು ಪಕ್ಕ ಮಾತ್ರ ತಳ್ಳುತ್ತದೆ. ಅಡ್ಡಡ್ಡ ನುಗ್ಗುವುದಕ್ಕೆ ಅಷ್ಟು ಸಾಕು.

ಈಗ ಬಣ್ಣದ ಪಾಲು ಎಷ್ಟು ಅಂತ ಲೆಕ್ಕ ಹಾಕೋಣ. ಅಳತೆ ಉದಾಹರಣೆಗೆ ಹೇಳುವುದು, ನಿಮ್ಮದನ್ನು ಮನೆಯಲ್ಲೇ ತೂಗಿ. 50 ಸೆಂಟಿಮೀಟರ್ ಉದ್ದದ ರಾಕೆಟ್, ತೂಕ 180 ಗ್ರಾಂ, ತೂಕದ ಬಿಂದು ಮೂತಿಯಿಂದ 27 ಸೆಂಟಿಮೀಟರಿನಲ್ಲಿ ಇದೆ ಅಂದುಕೊಳ್ಳಿ. ಕಾಲುಗಳಿಗೆ, ಅಂದರೆ ಮೂತಿಯಿಂದ 45 ಸೆಂಟಿಮೀಟರ್ ದೂರದಲ್ಲಿ, 30 ಗ್ರಾಂ ಬಣ್ಣ ಕೂತಿತು. ತೂಕದ ಬಿಂದು ಎರಡೂವರೆ ಸೆಂಟಿಮೀಟರಿಗಿಂತ ಜಾಸ್ತಿ ಹಿಂದೆ ಜಾರುತ್ತದೆ. ಅದನ್ನು ಮೊದಲಿನ ಜಾಗಕ್ಕೆ ತರಲು ಮೂತಿಯ ತುದಿಯಿಂದ 3 ಸೆಂಟಿಮೀಟರಿನಲ್ಲಿ 22-23 ಗ್ರಾಂ ತೂಕ ಸೇರಿಸಬೇಕು. ಅದೇ 30 ಗ್ರಾಂ ಬಣ್ಣವನ್ನು ಮೂತಿಗೆ ಹೊಡೆದಿದ್ದರೆ ನಿಮಗೆ ಉಪಕಾರವೇ ಆಗುತ್ತಿತ್ತು! ಹಾಗಾಗಿ ಬಣ್ಣ ಇಲ್ಲಿ ಕುಮ್ಮಕ್ಕು ಕೊಟ್ಟಿದೆ, ಅಸಲಿ ತಪ್ಪಿತಸ್ಥ ಅಲ್ಲ. ಬಣ್ಣ ಹೊಡೆಯುವ ಮುಂಚೆಯೇ ನಿಮ್ಮ ರಾಕೆಟ್ ಹಾರುವ ಸ್ಥಿತಿಯಲ್ಲಿ ಇರಲಿಲ್ಲ ಅನ್ನುವುದು ನನ್ನ ಅಂದಾಜು.

ಸರಿ ಮಾಡುವುದು ಹೇಗೆ? ರಾಕೆಟ್ಟನ್ನು ಪಕ್ಕದಿಂದ ನೋಡಿದರೆ ಕಾಣುವ ಆಕಾರವನ್ನು ರಟ್ಟಿನಲ್ಲಿ ಕತ್ತರಿಸಿ. ಆ ರಟ್ಟನ್ನು ಸ್ಕೇಲಿನ ಅಂಚಿನ ಮೇಲೆ ಇಟ್ಟು ತೂಗಿ. ಅದು ನಿಲ್ಲುವ ಜಾಗವನ್ನು ಗಾಳಿಯ ಬಿಂದು ಅಂತ ಇಟ್ಟುಕೊಳ್ಳಿ. ನಿಜವಾದ ಬಿಂದು ಸಾಮಾನ್ಯವಾಗಿ ಇನ್ನೂ ಹಿಂದೆಯೇ ಇರುತ್ತದೆ. ಹಾಗಾಗಿ ಈ ವಿಧಾನದಲ್ಲಿ ಲೆಕ್ಕ ತಪ್ಪಿದರೂ ಜಾಗ್ರತೆಯ ಕಡೆಗೇ ತಪ್ಪುತ್ತದೆ. ರಾಕೆಟ್ಟಿನ ತೂಕದ ಬಿಂದು ರಟ್ಟಿನ ಗುರುತಿಗಿಂತ ಮುಂದೆ ಬರುವ ತನಕ ಮೂತಿಯೊಳಗೆ ಮಕ್ಕಳಾಡುವ ಕ್ಲೇ ತುಂಬಿ. ಕಲ್ಲು, ಬೋಲ್ಟು, ಕಬ್ಬಿಣದ ಚೂರು ಬೇಡ. ಕಂಪ್ಯೂಟರ್ ಇದ್ದರೆ ಓಪನ್‌ರಾಕೆಟ್ ಅನ್ನುವ ಉಚಿತ ತಂತ್ರಾಂಶ ಇದೇ ಲೆಕ್ಕವನ್ನು ಚೆನ್ನಾಗಿ ಮಾಡಿಕೊಡುತ್ತದೆ. ಮಗಳಿಗೆ ಇಷ್ಟವಾಗಬಹುದು.

ಆಮೇಲೆ ದಾರದ ಪರೀಕ್ಷೆ. ತೂಕದ ಬಿಂದುವಿಗೆ ಎರಡು-ಮೂರು ಮೀಟರ್ ದಾರ ಕಟ್ಟಿ, ತಲೆಯ ಮೇಲೆ ಗರಗರ ಬೀಸಿ. ಮೂತಿ ಮುಂದಿಟ್ಟುಕೊಂಡೇ ಸುತ್ತಿದರೆ ಪಾಸ್. ಅಡ್ಡ ತಿರುಗಿದರೆ ಅಥವಾ ಬಾಲ ಮುಂದಾದರೆ ಇನ್ನೂ ಕ್ಲೇ ಬೇಕು, ಇಲ್ಲಾ ಕಾಲುಗಳ ಅಗಲ ಸಾಲದು. ಅಗಲ ಮಾಡಿದರೆ ಕಾರ್ಟೂನಿನ ಅಂದ ಕೆಡುತ್ತೆ ಅಲ್ವಾ? ಅದಕ್ಕೊಂದು ಉಪಾಯ ಇದೆ. ಜೆರಾಕ್ಸ್ ಅಂಗಡಿಯಲ್ಲಿ ಸ್ಪೈರಲ್ ಬೈಂಡಿಂಗಿಗೆ ಹಾಕುವ ಪಾರದರ್ಶಕ ಶೀಟ್ ಸಿಗುತ್ತದಲ್ಲ, ಅದನ್ನು ಕತ್ತರಿಸಿ ಕಾಲುಗಳ ಹಿಂಬದಿಗೆ ಅಂಟಿಸಿ. ಹತ್ತು ಹೆಜ್ಜೆ ದೂರದಿಂದ ಕಾಣುವುದೇ ಇಲ್ಲ. ಗಾಳಿ ಮಾತ್ರ ಅದನ್ನು ಬಿಡುವುದಿಲ್ಲ. ಪ್ಲೈವುಡ್ ತೆಗೆದುಹಾಕಿ, ತೆಳು ಥರ್ಮಾಕೋಲ್ ಹಾಳೆಯ ಎರಡೂ ಕಡೆ ಫೆವಿಕಾಲ್ ಹಚ್ಚಿ ಚಾರ್ಟ್ ಪೇಪರ್ ಅಂಟಿಸಿದರೆ ಗಟ್ಟಿಯಾದ ಹಗುರ ಕಾಲು ಆಗುತ್ತದೆ.

ಬಣ್ಣದ ವಿಷಯಕ್ಕೆ ಬರೋಣ. ನನಗೆ ಇಷ್ಟದ ಭಾಗ ಇದು, ಸ್ವಲ್ಪ ಉದ್ದ ಹೇಳುತ್ತೇನೆ.

ನಿಮ್ಮ ಕಣ್ಣಿಗೆ ಕಟ್ಟಿದ ಆ ಚೌಕಗಳು ಸುಮ್ನೆ ಚಂದಕ್ಕೆ ಹುಟ್ಟಿದವಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಜರ್ಮನಿಯವರು ವಿ-2 ರಾಕೆಟ್ ಪರೀಕ್ಷೆ ಮಾಡುವಾಗ ಅದರ ಮೈಗೆ ಕಪ್ಪು-ಬಿಳಿ ಚೌಕ ಬಳಿಯುತ್ತಿದ್ದರು. ಮೇಲೇರುವಾಗ ರಾಕೆಟ್ ತನ್ನ ಸುತ್ತ ತಾನೇ ತಿರುಗುತ್ತಿದೆಯಾ ಅಂತ ನೆಲದ ಮೇಲಿನ ಕ್ಯಾಮೆರಾಗೆ ತಿಳಿಯಬೇಕಿತ್ತು. ಒಂದೇ ಬಣ್ಣ ಇದ್ದರೆ ತಿರುಗುವುದು ಕಾಣುವುದಿಲ್ಲ. ಚಂದ್ರನಿಗೆ ಮನುಷ್ಯರನ್ನು ಒಯ್ದ ಸ್ಯಾಟರ್ನ್-5ರ ಮೈಮೇಲಿನ ಕಪ್ಪು ಪಟ್ಟಿಗಳ ಉದ್ದೇಶವೂ ಇದೇ. ಯುದ್ಧದ ನಂತರ ಬೆಲ್ಜಿಯಂನ ಒಂದು ಕಾಮಿಕ್ಸ್ ಪುಸ್ತಕದಲ್ಲಿ ಆ ಚೌಕ ಕೆಂಪು-ಬಿಳಿ ಆಯಿತು. ಅಲ್ಲಿಂದ ಕಾರ್ಟೂನಿಗೆ, ಕಾರ್ಟೂನಿನಿಂದ ತಿಪಟೂರಿಗೆ ಬಂದಿದೆ. ಹಾಗಾಗಿ ಚೌಕ ಉಳಿಸಿಕೊಳ್ಳಿ. ಫೋನಿನಲ್ಲಿ ಸ್ಲೋ ಮೋಷನ್ ವಿಡಿಯೊ ತೆಗೆದರೆ ನಿಮ್ಮ ರಾಕೆಟ್ ಎಷ್ಟು ಸುತ್ತು ತಿರುಗಿತು ಅಂತ ಮಗಳೇ ಎಣಿಸಬಹುದು. ಒಂದೇ ಕಡೆಗೆ ತಿರುಗುತ್ತಿದ್ದರೆ ಯಾವುದೋ ಕಾಲು ಸೊಟ್ಟ ಕೂತಿದೆ ಅಂತ ಅರ್ಥ.

ಸುಕ್ಕು ಯಾಕೆ ಬಂತು? ಎನಾಮೆಲ್ ಮೇಲೆ ಒಣಗಿದ ಹಾಗೆ ಕಂಡರೂ ಒಳಗೆ ದಿನಗಟ್ಟಲೆ ಹಸಿ ಇರುತ್ತದೆ. ಸ್ಪ್ರೇ ಡಬ್ಬಿಯ ಬಣ್ಣದಲ್ಲಿ ಖಾರವಾದ ಥಿನ್ನರ್ ಇರುತ್ತದೆ. ಅದು ಹಸಿ ಎನಾಮೆಲ್ಲನ್ನು ಉಬ್ಬಿಸಿ ಎಬ್ಬಿಸುತ್ತದೆ. ಗಾಡಿಗಳಿಗೆ ಹೊಡೆಯುವ ಡ್ಯೂಕೋ ಬಣ್ಣಕ್ಕೂ ಇದೇ ಮಾತು. ಬಿಳಿ ಯಾವ ಜಾತಿಯದೋ ಕೆಂಪೂ ಅದೇ ಜಾತಿಯದಿರಲಿ. ಥರ್ಮಾಕೋಲ್ ಮೂತಿಗೆ ಗುಳಿ ಬಿದ್ದಿದ್ದೂ ಥಿನ್ನರಿನಿಂದಲೇ. ಅದು ಥರ್ಮಾಕೋಲನ್ನು ಕರಗಿಸಿಬಿಡುತ್ತದೆ. ಮೂತಿಗೆ ಫೆವಿಕಾಲಿನಲ್ಲಿ ತೆಳು ಕಾಗದ ಎರಡು ಪದರ ಅಂಟಿಸಿ, ಒಣಗಿದ ಮೇಲೆ ನೀರಿನಲ್ಲಿ ಕಲಸುವ ಅಕ್ರಿಲಿಕ್ ಹಚ್ಚಿ. ಮೂತಿಯನ್ನು ಮರದಲ್ಲೋ ಲೋಹದಲ್ಲೋ ಮಾಡಲು ಹೋಗಬೇಡಿ. ಬಿದ್ದರೆ ತಾನು ನಜ್ಜುಗುಜ್ಜಾಗುವ ಮೂತಿಯೇ ಒಳ್ಳೆಯದು.

ರಟ್ಟಿನ ಮೈಗೆ ನೇರ ಬಣ್ಣ ಹೊಡೆದರೆ ರಟ್ಟು ಕುಡಿಯುತ್ತದೆ. ನೀವು ಮೂರು ಕೋಟ್ ಹೊಡೆದಿದ್ದು ಅದಕ್ಕೇ ಇರಬೇಕು. ಮೊದಲು ಬಡಗಿಗಳು ಬಳಸುವ ಸ್ಯಾಂಡಿಂಗ್ ಸೀಲರ್ ಒಂದು ಕೈ ತೆಳುವಾಗಿ ಹಚ್ಚಿ. ಒಣಗಿದ ಮೇಲೆ ನುಣುಪಾದ ಸ್ಯಾಂಡ್‌ಪೇಪರಿನಲ್ಲಿ ಉಜ್ಜಿ. ಹಚ್ಚಿದ್ದರಲ್ಲಿ ಮುಕ್ಕಾಲು ಪಾಲು ಉಜ್ಜಿ ತೆಗೆದರೂ ಪರವಾಗಿಲ್ಲ, ತೂತು ಮುಚ್ಚಿದರೆ ಸಾಕು. ಆಮೇಲೆ ಬಿಳಿ, ಒಂದಡಿ ದೂರದಿಂದ, ಮಂಜು ಬಿದ್ದಷ್ಟು ತೆಳುವಾಗಿ ಎರಡು ಸಲ. ಮಳೆಗಾಲದ ಥಂಡಿಯಲ್ಲಿ ಹೊಡೆದರೆ ಡ್ಯೂಕೋ ಬಿಳಿಚಿಕೊಳ್ಳುತ್ತದೆ. ಮಟಮಟ ಮಧ್ಯಾಹ್ನ ಬಿಸಿಲುಗಾಳಿಯಲ್ಲಿ ಹೊಡೆದರೆ ಬಣ್ಣ ದಾರಿಯಲ್ಲೇ ಒಣಗಿ ತರಿತರಿಯಾಗುತ್ತದೆ. ಬೆಳಿಗ್ಗೆ ಎಂಟು-ಒಂಬತ್ತರ ಹೊತ್ತು, ನೆರಳಿನಲ್ಲಿ, ಬಾಗಿಲು ತೆರೆದ ಕಡೆ, ಮೂಗಿಗೆ ಮಾಸ್ಕ್ ಹಾಕಿ ಹೊಡೆಯಿರಿ. ಒಲೆ, ದೀಪ ಹತ್ತಿರ ಇರಬಾರದು.

ಚೌಕಕ್ಕೆ ಬಣ್ಣವೇ ಬೇಕಂತಿಲ್ಲ. ನಂಬರ್ ಪ್ಲೇಟ್ ಬರೆಯುವ ರೇಡಿಯಂ ಅಂಗಡಿಯಲ್ಲಿ ಕೆಂಪು ಸ್ಟಿಕ್ಕರ್ ಹಾಳೆ ಸಿಗುತ್ತದೆ. ಅಳತೆ ಕೊಟ್ಟರೆ ಅವರೇ ಕತ್ತರಿಸಿಕೊಡುತ್ತಾರೆ. ಹೊಟ್ಟೆಯಿಂದ ಮೇಲಕ್ಕೆ ಮಾತ್ರ ಅಂಟಿಸಿ. ಕಾಲುಗಳಿಗೆ ಒಂದೇ ಕೈ ತೆಳು ಬಣ್ಣ ಸಾಕು. ಇನ್ನೊಂದು ಮಾತು: ನಿಮ್ಮ ಕಡೆ ಕೆಮ್ಮಣ್ಣಿನ ಹೊಲದಲ್ಲಿ ಕೆಂಪು ರಾಕೆಟ್ ಬಿದ್ದರೆ ಹುಡುಕುವುದು ಕಷ್ಟ. ಒಂದು ಕಾಲಿಗೆ ಹೊಳೆಯುವ ಹಸಿರೋ ಗುಲಾಬಿಯೋ ಇರಲಿ. ಆಕಾಶದಲ್ಲಿ ನೋಡಲು ಕಪ್ಪು ಬಣ್ಣ ಎದ್ದು ಕಾಣುತ್ತದೆ, ಬಿಳಿ ಮೋಡದಲ್ಲಿ ಕರಗುತ್ತದೆ.

ಈಗ ಪೈಪು ಮತ್ತು ಮದ್ದು. ಬೋರ್‌ವೆಲ್ಲಿಗೆ, ಹನಿ ನೀರಾವರಿಗೆ ತಂದ ಪಿವಿಸಿ ತುಂಡು ನಿಮ್ಮಲ್ಲಿ ಪ್ರತಿ ಮನೆಯ ಹಿತ್ತಲಲ್ಲೂ ಬಿದ್ದಿರುತ್ತದೆ. ಅದು ನೀರಿಗೆ ಮಾಡಿದ ಪೈಪು. ಒಳಗೆ ಅನಿಲದ ಒತ್ತಡ ಏರಿದರೆ ಸೀಳುವುದಿಲ್ಲ, ಚೂರುಚೂರಾಗಿ ಸಿಡಿಯುತ್ತದೆ. ಬಿಸಿಲಿಗೆ ಬಿದ್ದ ಹಳೆಯ ಪೈಪ್ ಇನ್ನೂ ಬೇಗ. ಕಬ್ಬಿಣದ ಪೈಪಾದರೆ ಗಟ್ಟಿ ಅಲ್ವಾ ಅಂತ ಕೇಳುವವರಿದ್ದಾರೆ. ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ ಹುಟ್ಟಿದ ಹೈದರಾಲಿಯ ಸೇನೆ ಕಬ್ಬಿಣದ ಕೊಳವೆಯ ರಾಕೆಟ್ ಬಳಸಿದ್ದು ನಿಜ. ಕಬ್ಬಿಣ ಹೆಚ್ಚು ಒತ್ತಡ ತಡೆದಿದ್ದಕ್ಕೇ ಅವು ದೂರ ಹೋದವು. ಆದರೆ ಅದು ಆಯುಧ. ಅಮೆರಿಕದಲ್ಲೂ 1957ರಲ್ಲಿ ಸ್ಪುಟ್ನಿಕ್ ಹಾರಿದ ಹುರುಪಿಗೆ ಹುಡುಗರು ಲೋಹದ ಪೈಪಿಗೆ ಮದ್ದು ತುಂಬಿ ಕೈ, ಕಣ್ಣು ಕಳೆದುಕೊಂಡರು. ನೆಬ್ರಾಸ್ಕದಲ್ಲಿ ಶೂ ಅಂಗಡಿ ಇಟ್ಟಿದ್ದ ಆರ್ವಿಲ್ ಕಾರ್ಲೈಲ್ ಅನ್ನುವವರು 1954ರಲ್ಲೇ ರಟ್ಟಿನ ಮೋಟರ್ ಮಾಡಿಟ್ಟಿದ್ದರು. ಈ ಅನಾಹುತಗಳಿಗೆ ಉತ್ತರವಾಗಿ ಬೆಳೆದಿದ್ದು ಅದೇ ದಾರಿ: ಮೋಟರ್ ಕಾರ್ಖಾನೆಯದು, ಮೈ ಕಾಗದ, ರಟ್ಟು, ಹಗುರ ಮರದ್ದು, ಹೊತ್ತಿಸುವುದು ದೂರದಿಂದ ವೈರಿನಲ್ಲಿ.

ಪಟಾಕಿ ಬಿಚ್ಚಿ ಮದ್ದು ತೆಗೆಯುವುದೂ ಬೇಡ. ರಾಕೆಟ್ಟಿನ ತಲೆಯಲ್ಲಿ ಸದ್ದು ಮಾಡುವ ಮದ್ದೇ ಬೇರೆ, ತಳ್ಳುವ ಮದ್ದೇ ಬೇರೆ. ಬೆರೆತರೆ ತಿಕ್ಕಾಟಕ್ಕೇ ಹೊತ್ತಬಹುದು. ಲೈಸೆನ್ಸ್ ಇಲ್ಲದೆ ಸ್ಫೋಟಕ ತಯಾರಿಸುವುದು 1884ರ ಸ್ಫೋಟಕ ಕಾಯ್ದೆಯ ಪ್ರಕಾರ ಅಪರಾಧ. ಸಕ್ಕರೆ ಬೆರೆಸಿ ಒಲೆ ಮೇಲೆ ರಾಕೆಟ್ ಮದ್ದು ಕಾಯಿಸುವ ವಿಡಿಯೊಗಳೂ ಇದೇ ಸಾಲಿಗೆ ಸೇರುತ್ತವೆ.

ಹೊರದೇಶದ ರೆಡಿ ಮೋಟರ್ ಒಳ್ಳೆಯ ವಸ್ತು. ಅದರ ಮೇಲೆ ಸಿ6-5 ಅಂತ ಬರೆದಿದ್ದರೆ, ಸಿ ಅಂದರೆ ಒಟ್ಟು ಶಕ್ತಿಯ ದರ್ಜೆ, 6 ಅಂದರೆ ಸರಾಸರಿ ತಳ್ಳು ನ್ಯೂಟನ್ ಲೆಕ್ಕದಲ್ಲಿ, 5 ಅಂದರೆ ಮದ್ದು ಉರಿದು ಮುಗಿದ ಮೇಲೆ ಪ್ಯಾರಾಚೂಟ್ ಬಿಚ್ಚಲು ಕಾಯುವ ಸೆಕೆಂಡು. ಆದರೆ ಇಲ್ಲಿ ಅದು ಸ್ಫೋಟಕದ ಲೆಕ್ಕ. ಆಮದಿಗೆ ನಾಗಪುರದಲ್ಲಿ ಕೇಂದ್ರ ಕಚೇರಿ ಇರುವ ಪೆಸೊ (ಪೆಟ್ರೋಲಿಯಂ ಮತ್ತು ಸ್ಫೋಟಕ ಸುರಕ್ಷತೆ) ಇಲಾಖೆಯ ಲೈಸೆನ್ಸ್ ಬೇಕು. ಪೋಸ್ಟಿನಲ್ಲಿ ತರಿಸುವ ಹಾಗಿಲ್ಲ. ಯಾರೋ ನೆಂಟರು ಬರುವಾಗ ಸೂಟ್‌ಕೇಸಿನಲ್ಲಿ ತರಲಿ ಅನ್ನುವ ಯೋಚನೆ ಇದ್ದರೆ ಬಿಡಿ, ವಿಮಾನದಲ್ಲಿ ಸ್ಫೋಟಕ ಒಯ್ಯುವುದು ಗಂಭೀರ ಅಪರಾಧ. ಒಬ್ಬ ಅಪ್ಪ-ಮಗಳ ಹವ್ಯಾಸಕ್ಕೆ ಇದು ದಾರಿಯಲ್ಲ ಅನ್ನುವುದು ನನ್ನ ಅಭಿಪ್ರಾಯ.

ನಾನು ಹೇಳುವುದು ನೀರಿನ ರಾಕೆಟ್. ಮೂಗು ಮುರಿಯಬೇಡಿ. ಎರಡು ಲೀಟರಿನ ಕೂಲ್‌ಡ್ರಿಂಕ್ ಬಾಟಲಿಗೆ ಮೂರನೇ ಒಂದು ಭಾಗ ನೀರು ಹಾಕಿ 60 ಪಿಎಸ್‌ಐ (ಟೈರಿನ ಗಾಳಿ ಅಳೆಯುವ ಅದೇ ಲೆಕ್ಕ) ಗಾಳಿ ತುಂಬಿದರೆ, ಹೊರಡುವ ಗಳಿಗೆಯಲ್ಲಿ ಸುಮಾರು 300 ನ್ಯೂಟನ್ ತಳ್ಳು ಬರುತ್ತದೆ. ಅಂದರೆ 30 ಕಿಲೋ ಭಾರದಷ್ಟು. ಆ ಸಿ6 ಮೋಟರಿನ ಸರಾಸರಿ 6 ನ್ಯೂಟನ್. ನೀರಿನದು ಕಣ್ಣು ಮಿಟುಕಿಸುವುದರೊಳಗೆ ಮುಗಿಯುತ್ತದೆ ನಿಜ, ಆದರೆ ದಪ್ಪ ಹೊಟ್ಟೆಯ ಕಾರ್ಟೂನ್ ರಾಕೆಟ್ಟಿಗೆ ಅದೇ ಬೇಕು. ಆ ಹೊಟ್ಟೆಯೊಳಗೆ ಬಾಟಲಿ ಚೆನ್ನಾಗಿ ಅಡಗುತ್ತದೆ ಕೂಡ!

ಇಲ್ಲಿ ಬಣ್ಣದ ಒಂದು ಕಟ್ಟುನಿಟ್ಟು ಇದೆ. ಬಾಟಲಿಗೆ ಬಣ್ಣ ಹೊಡೆಯಬೇಡಿ. ಥಿನ್ನರ್, ಬಿಸಿ ಅಂಟು, ಸ್ಯಾಂಡ್‌ಪೇಪರ್ ಯಾವುದೂ ಅದಕ್ಕೆ ತಾಗಬಾರದು. ಪ್ಲಾಸ್ಟಿಕ್ ಬಲ ಕಳೆದುಕೊಳ್ಳುತ್ತದೆ, ಬಿರುಕು ಬಿಟ್ಟರೆ ಬಣ್ಣದಡಿ ಕಾಣುವುದೂ ಇಲ್ಲ. ಚಾರ್ಟ್ ಪೇಪರಿನಲ್ಲಿ ಹೊರಮೈ ಬೇರೆಯಾಗಿ ಮಾಡಿ, ಅದಕ್ಕೆ ಬಣ್ಣ ಹೊಡೆದು ಪೂರ್ತಿ ಒಣಗಿಸಿ, ಆಮೇಲೆ ಬಾಟಲಿಯ ಮೇಲೆ ತೊಡಿಸಿ ಟೇಪಿನಲ್ಲಿ ಭದ್ರವಾಗಿ ಹಿಡಿಸಿ. ಸಡಿಲವಾಗಿದ್ದರೆ ಬಾಟಲಿ ಮೇಲೆ ಹೋಗುತ್ತದೆ, ರಾಕೆಟ್ ನೆಲದಲ್ಲೇ ಉಳಿಯುತ್ತದೆ. ಪಲ್ಟಿಯ ಲೆಕ್ಕವನ್ನು ಖಾಲಿ ಬಾಟಲಿಯಲ್ಲೇ ಮಾಡಿ, ನೀರು ಹೋದ ಮೇಲೆಯೇ ಅದು ಹೆಚ್ಚು ದೂರ ಹಾರುವುದು.

ಕುಡಿಯುವ ನೀರಿನ ತೆಳು ಬಾಟಲಿ ಬೇಡ, ಗ್ಯಾಸ್ ತುಂಬಿದ ಪಾನೀಯದ್ದೇ ಬೇಕು. ಪೀಠಕ್ಕೆ ಅರ್ಧ ಇಂಚಿನ ಜಿಐ ಪೈಪ್ ಬಾಟಲಿ ಬಾಯಿಯೊಳಗೆ ಹೆಚ್ಚುಕಡಿಮೆ ಸರಿಯಾಗಿ ಕೂರುತ್ತದೆ. ಸಂದಿಗೆ ರಬ್ಬರ್ ಉಂಗುರ ಹಾಕಿ. ಕತ್ತಿನ ಅಂಚನ್ನು ಸುತ್ತಲೂ ಕೇಬಲ್ ಟೈಗಳ ತಲೆ ಹಿಡಿದಿರುತ್ತವೆ, ಅವನ್ನು ಒಂದು ಉಂಗುರ ಬಿಗಿದಿರುತ್ತದೆ, ದಾರ ಎಳೆದರೆ ಉಂಗುರ ಇಳಿದು ಬಾಟಲಿ ಬಿಡುಗಡೆ. ಗಾಳಿ ಹಾಕಲು ಪಂಕ್ಚರ್ ಅಂಗಡಿಯಲ್ಲಿ ಟ್ಯೂಬ್‌ಲೆಸ್ ಟೈರಿನ ವಾಲ್ವ್ ತಂದು ಪೈಪಿನ ಇನ್ನೊಂದು ತುದಿಗೆ ಕೂರಿಸಿ. ಪಂಪಿಗೆ ಮೀಟರ್ ಇರಲೇಬೇಕು. ಪಂಪಿನ ಹೋಸ್ ಮತ್ತು ದಾರ ಎರಡೂ ಉದ್ದ ಇರಲಿ. ದಾರ ಎಳೆಯುವವರು ಹತ್ತು ಮೀಟರ್ ದೂರ. ಗಾಳಿ ತುಂಬಿದ ಮೇಲೆ ಹತ್ತಿರ ಹೋಗಿ ಬಗ್ಗಿ ನೋಡುವುದು ಬೇಡ. ಎಳೆದರೂ ಹಾರದಿದ್ದರೆ ದೂರದಿಂದಲೇ ಗಾಳಿ ಬಿಡುವ ಹಾಗೆ ಹೋಸಿನ ಈ ತುದಿಗೆ ಒಂದು ನಲ್ಲಿ ಇರಲಿ. ಹೊಸ ಬಾಟಲಿಯನ್ನು ಮೊದಲು ಬಾಯಿಮಟ್ಟ ನೀರು ತುಂಬಿ 90 ಪಿಎಸ್‌ಐ ತನಕ ಪರೀಕ್ಷಿಸಿ. ನೀರು ಕುಗ್ಗುವುದಿಲ್ಲ, ಒಡೆದರೂ ಸಿಡಿಯುವುದಿಲ್ಲ, ಸೋರುತ್ತದೆ.

ಮೂತಿಯಲ್ಲಿ ಕ್ಲೇ ಇರುವುದರಿಂದ ಇಳಿಯುವಾಗ ಪ್ಯಾರಾಚೂಟ್ ಇರಲೇಬೇಕು. ತೆಳು ಪ್ಲಾಸ್ಟಿಕ್ ಹಾಳೆಯಲ್ಲಿ 70 ಸೆಂಟಿಮೀಟರ್ ಅಗಲದ್ದು ಕಾಲು ಕಿಲೋ ರಾಕೆಟ್ಟನ್ನು ಸೆಕೆಂಡಿಗೆ ನಾಲ್ಕು ಮೀಟರ್ ವೇಗದಲ್ಲಿ ಇಳಿಸುತ್ತದೆ. ಮೂತಿಯನ್ನು ಸಡಿಲವಾಗಿ ಕೂರಿಸಿ ದಾರದಲ್ಲಿ ಕಟ್ಟಿದ್ದರೆ ತುದಿಗೆ ಹೋಗಿ ವಾಲುವಾಗ ಕಳಚಿ ಬಿಚ್ಚಿಕೊಳ್ಳಬಹುದು. ಪ್ರತಿ ಸಲ ಬಿಚ್ಚುತ್ತದೆ ಅಂತ ನಂಬಬೇಡಿ. ತಲೆಗೆ ಹೆಲ್ಮೆಟ್ ಇರಲಿ, ಎಲ್ಲರೂ ರಾಕೆಟ್ ಮೇಲೆಯೇ ಕಣ್ಣಿಟ್ಟಿರಲಿ.

ಜಾಗ ನಿಮ್ಮಲ್ಲಿ ದೊಡ್ಡ ತಲೆನೋವು, ಸುತ್ತಲೂ ತೆಂಗು. ಮರದಲ್ಲೋ ಕರೆಂಟ್ ತಂತಿಯಲ್ಲೋ ಸಿಕ್ಕಿದ ರಾಕೆಟ್ಟನ್ನು ಅಲ್ಲೇ ಬಿಟ್ಟುಬಿಡಿ, ಕೋಲು ಹಾಕಿ ಎಳೆಯಬೇಡಿ. ರಾಗಿ ಕೊಯ್ದ ಹೊಲ ಅಥವಾ ಸ್ಕೂಲ್ ಮೈದಾನ ಕೇಳಿಕೊಳ್ಳಿ. ಮೊದಲೆಲ್ಲ ಕೋಲಾರ, ಚಿಕ್ಕಬಳ್ಳಾಪುರದ ಕಡೆಯವರು ಒಣಗಿದ ಕೆರೆ ಅಂಗಳಕ್ಕೆ ಹೋಗುತ್ತಿದ್ದರು. ಬೆಂಗಳೂರಿನ ಸಂಸ್ಕರಿಸಿದ ನೀರು ಬರಲು ಶುರುವಾದ ಮೇಲೆ ಅಲ್ಲಿನ ಎಷ್ಟೋ ಕೆರೆಗಳಲ್ಲಿ ಈಗ ನೀರಿದೆ. ಚಿಕ್ಕಬಳ್ಳಾಪುರದವರು ದೇವನಹಳ್ಳಿ ವಿಮಾನ ನಿಲ್ದಾಣದ ಕಡೆಯ ಬಯಲುಗಳನ್ನು ಬಿಟ್ಟುಬಿಡಬೇಕು. ಆಷಾಢದ ಗಾಳಿ ಶುರುವಾಗುವ ಮುಂಚೆ, ಬೆಳಗಿನ ಏಳು ಗಂಟೆಯ ಹೊತ್ತಿಗೆ ಹಾರಿಸಿ.

ಒಂದೇ ಬಾಟಲಿಯನ್ನು ರಜೆ ಪೂರ್ತಿ ಬಳಸಬೇಡಿ. ಪ್ರತಿ ಹಾರಾಟದ ನಂತರ ಹೊರಮೈ ಬಿಚ್ಚಿ ಬಾಟಲಿಯನ್ನು ಬಿಸಿಲಿಗೆ ಹಿಡಿದು ನೋಡಿ. ಬಿಳಿ ಗೆರೆ, ಮಡಿಕೆ, ತಳದಲ್ಲಿ ಬಿರುಕು ಕಂಡರೆ ಅದನ್ನು ಕತ್ತರಿಸಿ ಎಸೆದು, ಹೊರಮೈಯನ್ನು ಹೊಸ ಬಾಟಲಿಗೆ ತೊಡಿಸಿ.